ಸಾತ್ರೆ ಗುಡ್ಡದ ಸುತ್ತು: ಬೆಂಕಿ ಬಿದ್ದ ಕಾಡಿಗೆ ಹೋಗುವವರಿಗೆ

ಸುಟ್ಟು ಕರಕಲಾದ ಬೊಡ್ಡೆಗಳು ಕಾಣುತ್ತವೆ ಅಂದುಕೊಂಡು ಗೋವಾದ ಸಾತ್ರೆ ಗುಡ್ಡಕ್ಕೆ ಹೋಗಬೇಡಿ. ದೂರದಿಂದ ನೋಡಿದರೆ ಬೆಂಕಿ ಬಿದ್ದ ಇಳಿಜಾರೇ ಉಳಿದ ಗುಡ್ಡಕ್ಕಿಂತ ಹೆಚ್ಚು ಹಸಿರು. ಆ ಹಸಿರು ಎಂಥದ್ದು ಅಂತ ಹತ್ತಿರ ಹೋದಾಗ ಗೊತ್ತಾಯಿತು. ಅದನ್ನು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

2023ರ ಮಾರ್ಚ್‌ನಲ್ಲಿ ಗೋವಾದ ಸತ್ತರಿ ತಾಲೂಕಿನ ಮಹದಾಯಿ ಅಭಯಾರಣ್ಯಕ್ಕೆ ಬೆಂಕಿ ಬಿದ್ದಾಗ ಮೊದಲು ಕೇಳಿಬಂದ ಹೆಸರು ಸಾತ್ರೆ ಊರಿನದು. ನೌಕಾಪಡೆ, ವಾಯುಪಡೆಯ ಹೆಲಿಕಾಪ್ಟರುಗಳು ದಿನಗಟ್ಟಲೆ ನೀರು ಸುರಿದದ್ದು ವಾಸ್ಕೋದಲ್ಲಿರುವ ನಮ್ಮವರಿಗೆಲ್ಲ ನೆನಪಿದೆ. ನರಗುಂದ, ನವಲಗುಂದದ ಕಡೆ ಮಹದಾಯಿ ಅಂದರೆ ನೀರಿನ ಹೋರಾಟ. ಆ ಹೊಳೆಗೆ ನೀರು ಕೊಡುವ ಕಾಡನ್ನು ಕಣ್ಣಾರೆ ನೋಡಿದವರು ನಮ್ಮಲ್ಲಿ ಕಡಿಮೆ.

ಹೋಗುವ ದಾರಿ ಸರಳ. ವಾಸ್ಕೋ, ಪಣಜಿ ಕಡೆಯವರು ಫೋಂಡಾ ಮೇಲೆ ವಾಳಪೈಗೆ ಬನ್ನಿ. ಬೆಳಗಾವಿಯವರು ಚೋರ್ಲಾ ಘಾಟ್ ಇಳಿದು ಸಾಖಳಿಯಲ್ಲಿ ಬಸ್ ಬದಲಿಸಿ ವಾಳಪೈಗೇ ಬನ್ನಿ. ಅಲ್ಲಿಂದ ಸಾತ್ರೆಗೆ ಬಸ್ಸು ಹಿಡಿಯಿರಿ. ಕಡಲತೀರದ ಏಜೆಂಟರ ‘ಜಂಗಲ್ ಟ್ರೆಕ್’ ಪ್ಯಾಕೇಜು ಮಾತ್ರ ಬೇಡವೇ ಬೇಡ. ನಮ್ಮ ಹತ್ತಿರ ತಲೆಗೆ 2,500 ರೂಪಾಯಿ ಮುಂಗಡ ಇಸಿದುಕೊಂಡ ಒಬ್ಬ, ಜೀಪಿನಲ್ಲಿ ಒಂದು ಮಸಾಲೆ ತೋಟಕ್ಕೆ ಕರೆದೊಯ್ದು, ಏಲಕ್ಕಿ ಗಿಡ ತೋರಿಸಿ, ‘ಕಾಡು ಬಂದ್ ಇದೆ’ ಅಂತ ವಾಪಸು ತಂದು ಬಿಟ್ಟ. ಕಾಡು ಬಂದ್ ಇರಲಿಲ್ಲ. ಅವನು ಅನುಮತಿಯನ್ನೇ ಕೇಳಿರಲಿಲ್ಲ. ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಅದನ್ನು ನೀವೇ ಕೇಳಿ ಪಡೆಯಿರಿ, ಹಾದಿ ತೋರಿಸಲು ಊರಿನವರನ್ನೇ ಜತೆಗೆ ಕರೆದುಕೊಳ್ಳಿ. ನಮಗೆ ಸಿಕ್ಕ ಕಾಕಾ ಕಾಜು ತೋಟದವರು, ಬೆಂಕಿ ಆರಿಸಲು ಹಸಿ ಸೊಪ್ಪು ಹಿಡಿದು ಓಡಿದವರಲ್ಲಿ ಒಬ್ಬರು.

ರೂಮಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ರಾತ್ರಿಗೆ 2,800 ತೆಗೆದುಕೊಂಡು, ಕಿಟಕಿ ತೆರೆದರೆ ಜನರೇಟರ್ ಹೊಗೆ ಒಳಗೆ ಬರುವ ಕೋಣೆ ಕೊಟ್ಟರು. ಬೆಳಗಿನ ಮೊದಲ ಬಸ್ಸಿಗೆ ಬಂದು ಸಂಜೆ ಮರಳುವುದೇ ಲೇಸು.

ಆದರೆ ತಿಂಡಿ ತಪ್ಪಿಸಬೇಡಿ. ವಾಳಪೈ ಪೇಟೆಯಲ್ಲಿ ನಾಲ್ಕೇ ಮೇಜಿನ ಒಂದು ಹೋಟೆಲು. ಬೆಳಕು ಹರಿಯುವಷ್ಟರಲ್ಲಿ ಅಳಸಂದೆ ಕಾಳಿನ ತೊಣಾಕ್ (ಗಸಿ) ಕುದಿಯುತ್ತಿರುತ್ತದೆ, ಹುರಿದ ಕೊಬ್ಬರಿ ಮಸಾಲೆಯ ವಾಸನೆ ರಸ್ತೆವರೆಗೆ ಬರುತ್ತದೆ. ಜತೆಗೆ ಆಗ ತಾನೇ ಬೇಕರಿಯಿಂದ ಬಂದ, ತೌಡು ಉದುರುವ ಬಿಸಿ ಪೊಯಿ ಬ್ರೆಡ್ಡು. ಬಡಿಸುವ ಹುಡುಗ ಸವದತ್ತಿಯವನು. ನಾವು ಕನ್ನಡ ಮಾತಾಡಿದ್ದು ಕೇಳಿ, ‘ಯಾವೂರ್ರೀ ಅಣ್ಣಾರ?’ ಅಂದವನೇ ಕೇಳದೆಯೇ ಇನ್ನೊಂದು ಸೌಟು ಹಾಕಿದ. ಒಗ್ಗರಣೆ ಹಾಕಿದ ಪಾತಳ ಭಾಜಿ ಬೇರೆ, ಉದ್ದ ಮೆಣಸಿನಕಾಯಿ ಭಜಿ ಬೇರೆ. ಚಹಾ ಸೇರಿ ಇಬ್ಬರಿಗೆ 130 ರೂಪಾಯಿ. ಮಧ್ಯಾಹ್ನಕ್ಕೂ ಪೊಯಿ, ಒಣ ಭಾಜಿ ಕಟ್ಟಿಸಿಕೊಂಡೆವು. ಗುಡ್ಡದ ಮೇಲೆ ಏನೂ ಸಿಗುವುದಿಲ್ಲ.

ಈಗ ಹಾದಿ. ಸುತ್ತು ಹಾಕಿ ಸಾತ್ರೆ ಊರಿಗೇ ಬಂದು ಸೇರುವ ಹಾದಿ ಇದು, ಎರಡೂ ಕಡೆಯಿಂದ ಶುರು ಮಾಡಬಹುದು. ಬೆಳಿಗ್ಗೆಯೇ ಹುಲ್ಲುಗುಡ್ಡದ, ಅಂದರೆ ಸುಟ್ಟ ಇಳಿಜಾರಿನ ಬದಿಯಿಂದ ಹತ್ತಿ, ಹಳ್ಳದ ಬದಿಯಿಂದ ಇಳಿಯಿರಿ. ಆ ಬದಿಯಲ್ಲಿ ನೆರಳೇ ಇಲ್ಲ, ಹತ್ತು ಗಂಟೆಯ ಮೇಲೆ ಅಲ್ಲಿ ಹತ್ತುವುದು ಹಿಂಸೆ. ಮಣ್ಣನ್ನು ಹಿಡಿದಿದ್ದ ಬೇರು ಹೋಗಿ, ಮೇಲ್ಮಣ್ಣು ಮಳೆಗೆ ತೊಳೆದು, ಸಡಿಲ ಜಲ್ಲಿಯಷ್ಟೇ ಉಳಿದ ಕಡೆಗಳಿವೆ. ಇಳಿಯುವಾಗ ಜಾರುವುದಕ್ಕಿಂತ ಹತ್ತುವಾಗ ಏದುಸಿರು ಬಿಡುವುದು ವಾಸಿ.

ಆ ಇಳಿಜಾರಿನ ಹಸಿರೆಲ್ಲ ಯುಪಟೋರಿಯಂ ಎಂಬ ಕಳೆ. ಎದೆ ಮಟ್ಟ ಬೆಳೆದಿದೆ. ಗಾಳಿಯಲ್ಲಿ ಹಾರಿ ಬರುವ ಬೀಜ, ಬಿಸಿಲು ಬೀಳುವ ಬರಿ ನೆಲ ಸಿಕ್ಕರೆ ಸಾಕು. ಅದರಡಿ ಮರದ ಸಸಿ ಮೇಲೇಳುವುದು ಕಷ್ಟ. ಬೇಸಿಗೆಗೆ ಅದೇ ಒಣಗಿ ನಿಲ್ಲುತ್ತದೆ. ‘ಮುಂದಿನ ಬೆಂಕಿಗೆ ಸೌದೆ ತಯಾರಾಗ್ತಾ ಇದೆ’ ಅಂದರು ಕಾಕಾ ಕೊಂಕಣಿಯಲ್ಲಿ. ಕಾಜು ಸೀಸನ್ನಿನಲ್ಲಿ ಮರದ ಬುಡದ ತರಗೆಲೆ ಗುಡಿಸಿ ಸುಡುವ ರೂಢಿ ಇನ್ನೂ ಇದೆ, ಒಂದು ಕಿಡಿ ಹಾರಿದರೆ ಮುಗಿಯಿತು ಅಂತಲೂ ಅವರೇ ಹೇಳಿದರು.

ಹುಲ್ಲು ದಾಟಿ ದೊಡ್ಡ ಮರಗಳ ಕಾಡು ಹೊಕ್ಕರೆ ಕಥೆಯೇ ಬೇರೆ. ಇಲ್ಲಿ ಬೆಂಕಿ ಹರಿದದ್ದು ನೆಲದ ಮೇಲಿನ ತರಗೆಲೆಯಲ್ಲಿ, ತುದಿಗೆ ಏರಿಲ್ಲ. ಮತ್ತಿ ಮರದ ತೊಗಟೆ ಮೊಸಳೆಯ ಬೆನ್ನಿನಂತೆ ಒಡೆದು ದಪ್ಪಗಿದೆ. ಬುಡದಲ್ಲಿ ಮಸಿ, ಮೇಲೆ ತುಂಬು ಎಲೆ. ಕವಲು ಮರವೂ ಹಾಗೆಯೇ ತಡೆದುಕೊಂಡಿದೆ. ಸತ್ತಿತು ಅಂದುಕೊಂಡ ಸಣ್ಣ ಮರಗಳ ಬುಡದಿಂದ ನಾಲ್ಕೈದು ಚಿಗುರು ಎದ್ದಿವೆ. ಇಲ್ಲಿ ಅವಸರ ಮಾಡಬೇಡಿ. ನಾನು ಬಂದದ್ದು ಸಾರ್ಥಕವಾಯಿತು ಅನ್ನಿಸಿದ್ದು ಈ ಭಾಗದಲ್ಲೇ. ನಾನು ಜನಸಂದಣಿ ಸಹಿಸುವವನಲ್ಲ, ಇಡೀ ಹಾದಿಯಲ್ಲಿ ಎದುರಾದದ್ದು ಸೌದೆ ಹೊತ್ತ ಇಬ್ಬರು ಹೆಂಗಸರು ಮಾತ್ರ. ಜಲಪಾತ, ಸೆಲ್ಫಿ ಬೇಕೆನ್ನುವವರಿಗೆ ಬೇಸರವಾದೀತು.

ದೀಪಾವಳಿ ಮುಗಿದ ಕೂಡಲೇ ಹೋಗುವುದು ಉತ್ತಮ. ಮಳೆಗಾಲದಲ್ಲಿ ಇಂಬಳ, ಏರಿದ ಹಳ್ಳ. ಬೇಸಿಗೆಯಲ್ಲಿ ರಕ್ತ ಹೀರುವ ಉಣ್ಣೆ ಹುಳ, ಅಂದರೆ ಉಣುಗು. ಉಣುಗನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಅದರಿಂದ ಹರಡುವ ಮಂಗನ ಕಾಯಿಲೆ 2015ರಿಂದ ಸತ್ತರಿಯಲ್ಲಿ ಕಾಣಿಸಿಕೊಂಡಿದೆ. ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿ, ತರಗೆಲೆ ಮೇಲೆ ಕೂರಬೇಡಿ. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡುವಾಗ ಕಂಕುಳು, ಮೊಣಕಾಲ ಹಿಂದೆ ನೋಡಿಕೊಳ್ಳಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ವೈದ್ಯರಿಗೆ ಮೊದಲೇ ಹೇಳಿ.

ಜತೆಯಲ್ಲಿ ಬೀಡಿ, ಸಿಗರೇಟು ಸೇದುವವರಿದ್ದರೆ ಬೆಂಕಿಪೊಟ್ಟಣ ವಾಳಪೈಯಲ್ಲೇ ಇರಲಿ. ಸಾತ್ರೆಯಿಂದ ಮರಳುವ ಬಸ್ಸು ವಿರಳ, ಬೆಳಿಗ್ಗೆ ಇಳಿಯುವಾಗಲೇ ಕಂಡಕ್ಟರನ್ನು ಕೇಳಿ ಹೊತ್ತು ಬರೆದುಕೊಳ್ಳಿ. ಅದು ತಪ್ಪಿದರೆ ಜೀಪಿನವರು ಬಾಯಿಗೆ ಬಂದ ರೇಟು ಹೇಳುತ್ತಾರೆ, ಅಲ್ಲಿ ಫೋನು ಮಾಡಿ ಬೇರೆಯವರನ್ನು ಕರೆಯೋಣವೆಂದರೆ ನೆಟ್‌ವರ್ಕೂ ಸಿಗುವುದಿಲ್ಲ.