ತಡವಾಗಿ ಬಾಯಿಬಿಡುವ ತಂತಿ

ನನ್ನ ನಂಬರ್ 17. ಹೆಸರು ಹೇಳುವಂತಿಲ್ಲ, ಮಾತಾಡುವಂತೆಯೂ ಇಲ್ಲ. ಏನಾದರೂ ಕೇಳಬೇಕಿದ್ದರೆ ವೇದಿಕೆಗೆ ಕರೆತಂದ ಸಿಬ್ಬಂದಿಯ ಕಿವಿಯಲ್ಲಿ ಪಿಸುಗುಟ್ಟಬೇಕು. ವೇದಿಕೆಗೆ ಅಡ್ಡಲಾಗಿ ಪರದೆ, ಅದರಾಚೆ ತೀರ್ಪುಗಾರರು. ಹೆಜ್ಜೆ ಸಪ್ಪಳದಲ್ಲಿ ಗಂಡೋ ಹೆಣ್ಣೋ ಗೊತ್ತಾಗಬಾರದೆಂದು ಕಾರ್ಪೆಟ್ ಬೇರೆ ಹಾಸಿದ್ದರು. ವಯೋಲಾ ಅಂದರೆ ವಯಲಿನ್‌ನ ತುಸು ದೊಡ್ಡ, ದನಿ ತಗ್ಗಿದ ಅಕ್ಕ; ಆರ್ಕೆಸ್ಟ್ರಾದಲ್ಲಿ ಅದರ ಸೀಟಿಗೆ ಅದು ನನ್ನ ಮೊದಲ ಆಡಿಷನ್.

ನಾನು ಹತ್ತು ವರ್ಷ ವಯಲಿನ್ ನುಡಿಸಿ ಈ ಕಡೆ ಬಂದವಳು. ವಯೋಲಾದ ಸ್ವರಲಿಪಿ ಬರೆಯುವ ಆಲ್ಟೊ ಕ್ಲೆಫ್ ಓದುವುದೇ ದೊಡ್ಡ ಕಷ್ಟ ಅಂದುಕೊಂಡಿದ್ದೆ. ಮೂರು ತಿಂಗಳಲ್ಲಿ ಅದು ರೂಢಿಯಾಯಿತು. ರೂಢಿಯಾಗದೆ ಉಳಿದದ್ದು ಕೆಳಗಿನ ಸಿ ತಂತಿ. ವಯೋಲಾದ ಶ್ರುತಿ ವಯಲಿನ್‌ಗಿಂತ ಒಂದು ಪಂಚಮದಷ್ಟು ಕೆಳಗೆ. ಆ ಲೆಕ್ಕದಲ್ಲಿ ಒಂದೂವರೆ ಪಟ್ಟು ಹಿಗ್ಗಿಸಿದರೆ ವಯಲಿನ್‌ನ 14 ಇಂಚಿನ ಮೈ 21 ಇಂಚಾಗಬೇಕು. ಅದನ್ನು ಭುಜದ ಮೇಲೆ ಹೊರುವವರಾರು? ನನ್ನದು 16 ಇಂಚಿನದು. ಸಣ್ಣ ಮೈಗೆ ದಪ್ಪ ತಂತಿ. ಕಮಾನು ಎಳೆದರೂ ಅರೆಕ್ಷಣ ಯೋಚಿಸಿಯೇ ಬಾಯಿಬಿಡುವ ಸೋಮಾರಿ. "ಮೊದಲು ತಂತಿ ಹಿಡಿ, ಆಮೇಲೆ ಎಳಿ" ಅಂತ ಗುರುಗಳು ನೂರು ಸಲ ಹೇಳಿದ್ದರು.

ಮೊದಲು ನುಡಿಸಿದ್ದು ಹಾಫ್‌ಮೈಸ್ಟರ್ ಎಂಬ ಸಂಯೋಜಕನ ವಯೋಲಾ ಕಾನ್ಚೆರ್ಟೊ, ಚೆನ್ನಾಗಿಯೇ ಹೋಯಿತು. ಆಮೇಲೆ ಬೀಥೋವನ್‌ನ ಐದನೇ ಸಿಂಫನಿಯ ಎರಡನೇ ಭಾಗ. ವಯೋಲಾ, ಚೆಲ್ಲೊ ಸೇರಿ ಹಾಡುವ ಆರಂಭವದು, ಇಲ್ಲಿ ನಾನೊಬ್ಬಳೇ. ಮೊದಲ ಸ್ವರ ಇ ಫ್ಲ್ಯಾಟ್, ಅದೇ ಸಿ ತಂತಿ, ಎರಡನೇ ಬೆರಳು. ಮೆತ್ತಗಿರಬೇಕೆಂಬ ಭಯಕ್ಕೆ ಕೈ ತೇಲಿತು. ಉಸಿರಿನಂಥ ಸದ್ದು ಬಂತು, ಸ್ವರ ಬರಲಿಲ್ಲ. ಉಳಿದದ್ದೆಲ್ಲ ಸರಿಯಾಗಿ ನುಡಿಸಿದೆ. ಪರದೆಯಾಚೆಯಿಂದ "ಥ್ಯಾಂಕ್ ಯೂ" ಅಷ್ಟೇ.

ಸೀಟು ಸಿಗಲಿಲ್ಲ. ಆದರೆ ಹೆಚ್ಚುವರಿ ವಾದಕರ ಪಟ್ಟಿಗೆ ಸೇರಿಸಿಕೊಂಡರು. ಕೆಲವು ವಾರಗಳ ನಂತರ ವಾಲ್ಟ್ಸ್ ಸಂಜೆಗೆ ಕರೆ ಬಂತು. ವಾಲ್ಟ್ಸ್ ಅಂದರೆ ಮೂರು ಪೆಟ್ಟಿನ ನೃತ್ಯಸಂಗೀತ, ಅದರಲ್ಲಿ ಒಂದನೇ ಪೆಟ್ಟು ಡಬಲ್ ಬಾಸ್‌ನವರದ್ದು. ವಯೋಲಾಗಳಿಗೆ ಬಹುಪಾಲು ಎರಡು, ಮೂರು, ಎರಡು, ಮೂರು. ರಾಗ ಸಿಗುವುದೇ ಅಪರೂಪ. ಇಷ್ಟಕ್ಕಾ ಇಷ್ಟು ವರ್ಷ ಕಲಿತದ್ದು ಅನ್ನಿಸಿತ್ತು, ಸುಳ್ಳೇಕೆ.

ಕೊನೆಯ ಸಾಲು, ಒಳಬದಿಯ ಕುರ್ಚಿ. ಅಂದರೆ ಪುಟ ತಿರುವುವ ಕೆಲಸವೂ ನನ್ನದೇ. ರಿಹರ್ಸಲ್ ಶುರುವಾಗಿ ಐದು ನಿಮಿಷಕ್ಕೆ ಪಕ್ಕದ ಹಿರಿಯರು ನನ್ನತ್ತ ವಾಲಿದರು.

"ನಿನ್ನ ಎರಡನೇ ಪೆಟ್ಟು ತಡ ಕಣಮ್ಮ."

"ಕಂಡಕ್ಟರ್ ಕೈ ನೋಡ್ತಾನೇ ಇದ್ದೀನಿ ಸಾರ್."

"ಅದೇ ತಪ್ಪು. ಬಾಸ್‌ನವರ ಕಮಾನು ನೋಡು. ಅದು ತಂತಿಗೆ ತಾಗೋವಾಗ್ಲೇ ನಿನ್ನದು ತಂತಿ ಮೇಲೆ ಕೂತಿರಬೇಕು."

ಗುರುಗಳು ಹೇಳಿದ್ದೂ ಅದೇ ಅಲ್ಲವಾ! ನಗು ಬಂತು. ಅಷ್ಟರಲ್ಲಿ ಪುಟ ಮುಗಿದಿತ್ತು. ಅವಸರದಲ್ಲಿ ಎರಡು ಹಾಳೆ ಒಟ್ಟಿಗೆ ತಿರುವಿಬಿಟ್ಟೆ.