ತಿದ್ದುವ ಬಾಟ್: ಕೆಲಸ ವಿಭಕ್ತಿ ತನಕ ಬಂತು

ಗೆಳೆಯರ ಗುಂಪಿಗೆ ಬರೆಯುತ್ತಿರುವ ಟೆಲಿಗ್ರಾಮ್ ಬಾಟ್ (ಗುಂಪಿನಲ್ಲಿ ತಾನಾಗಿ ಉತ್ತರ ಹಾಕುವ ಪ್ರೋಗ್ರಾಮ್) ಎಲ್ಲಿಗೆ ಬಂತು ಅಂತ ಹೇಳ್ತೀನಿ. ನಮ್ಮ ಹುಬ್ಬಳ್ಳಿ ಗುಂಪಿನಲ್ಲಿ ಕೋಡ್ ಬರೆಯುವವರು ಜಾಸ್ತಿ, ಉಳಿದವರಿಗೂ ಆ ಗಾಳಿ ತಾಗಿದೆ. ಬಟ್ಟೆ ಅಂಗಡಿಯ ಗೆಳೆಯನೂ "ಗಿರ್ಮಿಟ್++" ಅಂತಾನೆ, "ಮಳಿ != ರಜಾ" ಅಂತಾನೆ. ಕೋಡ್ ಭಾಷೆಯಲ್ಲಿ ++ ಅಂದ್ರೆ ಒಂದು ಕೂಡಿಸು, != ಅಂದ್ರೆ ಸಮ ಅಲ್ಲ. ಎಲ್ಲರಿಗೂ ಅರ್ಥ ಆಗುತ್ತೆ.

ಎಲ್ಲಕ್ಕಿಂತ ಹೆಚ್ಚು ಬಳಕೆ ಇರೋದು ಓರೆಗೆರೆ ಹಾಕಿ ತಿದ್ದುವುದು. "ನಾಳೆ ಹುಬ್ಬಳ್ಳಿಯಿಂದ ಚಿಗರಿ ಹತ್ತೋಣ" ಅಂತ ಒಬ್ಬ ಬರೆದ (ಚಿಗರಿ ಅಂದ್ರೆ ಹುಬ್ಬಳ್ಳಿ-ಧಾರವಾಡ ನಡುವಿನ ಬಸ್), ಕೆಳಗೇ "/ಹುಬ್ಬಳ್ಳಿ/ಧಾರವಾಡ/" ಅಂತ ಹಾಕಿದ, ಅಂದ್ರೆ ಮೊದಲನೆಯದರ ಬದಲು ಎರಡನೆಯದು ಓದಿ ಅಂತ, ಮುಗೀತು. ಇದು ಯುನಿಕ್ಸ್ ಅನ್ನೋ ಹಳೆ ಆಪರೇಟಿಂಗ್ ಸಿಸ್ಟಮ್‌ನ ಎಡ್ ಎಡಿಟರ್‌ನಿಂದ ಬಂದದ್ದು. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಲೀ ಮೆಕ್‌ಮಹೊನ್ ಬರೆದ, ಸಾಲುಗಳನ್ನು ತಿದ್ದುವ ಸೆಡ್ ಅನ್ನೋ ಪ್ರೋಗ್ರಾಮ್‌ನಲ್ಲೂ ಇದೇ ಇದೆ. ಅಲ್ಲಿ ಶುರುವಿಗೆ ಇಂಗ್ಲಿಷಿನ ಎಸ್ ಬೇಕು. ಅದೊಂದಕ್ಕೆ ಕೀಬೋರ್ಡ್ ಬದಲಿಸೋದು ಯಾರಿಗೆ ಬೇಕು, ನಮ್ಮಲ್ಲಿ ಅದು ತಾನಾಗಿ ಬಿದ್ದುಹೋಯಿತು.

ತಿದ್ದಿದ ಸಾಲನ್ನು ಪೂರ್ತಿ ಹಾಕುವುದು ಬಾಟ್ ಕೆಲಸ. ಮೊದಲ ತೊಡಕು ಪದ ಹುಡುಕುವಲ್ಲೇ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪದ ಹುಡುಕುವ ಮಾಮೂಲಿ ರೀ ಲೈಬ್ರರಿಗೆ "ಹುಬ್ಬಳ್ಳಿ" ಕೊಟ್ಟು ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಪ್ಲಸ್ (ಸಾಲಾಗಿ ಬರುವ ಅಕ್ಷರಗಳನ್ನು ಹಿಡಿಯುವ ಗುರುತು) ಬಳಸಿ ಪದ ಕೇಳಿದರೆ "ಹ", "ಬ", "ಬಳ", "ಳ" ಅಂತ ನಾಲ್ಕು ತುಂಡು ಕೊಡುತ್ತೆ. ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕೊಂಬು, ಗುಡಿಸು, ಒತ್ತಿಗೆ ಮುಂಚಿನ ಹಲಂತ ಎಲ್ಲಕ್ಕೂ ಬೇರೆ ಬೇರೆ ಸಂಕೇತ, ಅವನ್ನು ಇದು ಅಕ್ಷರ ಅಂತ ಹಿಡಿಯುವುದೇ ಇಲ್ಲ. ರೆಜೆಕ್ಸ್ ಅನ್ನೋ ಬೇರೆ ಲೈಬ್ರರಿ ಹಾಕಿದ ಮೇಲೆ ಪದ ಇಡಿಯಾಗಿ ಸಿಕ್ಕಿತು.

ನಿಜವಾದ ಕೆಲಸ ಇರೋದು ಇಲ್ಲಿಂದ ಮುಂದೆ. ಸುಮ್ನೆ ಬದಲಿಸಿದರೆ "ಧಾರವಾಡಯಿಂದ" ಅಂತ ಬರುತ್ತೆ. ಓದುವವನು ಆ ಓರೆಗೆರೆ ನೋಡಿ ಮನಸ್ಸಿನಲ್ಲೇ "ಧಾರವಾಡದಿಂದ" ಮಾಡಿಕೊಳ್ಳುತ್ತಾನೆ, ಬಾಟ್‌ಗೆ ಅದನ್ನು ಕಲಿಸಬೇಕು, ಅಲ್ವಾ? ಈಗ ಪದದ ಕೊನೆಯ ಸ್ವರ ನೋಡಿ ಪ್ರತ್ಯಯ ಹಾಕುತ್ತಿದ್ದೇನೆ. ಹಾವೇರಿ ಇದ್ದರೆ "ಹಾವೇರಿಯಿಂದ", "ಹಾವೇರಿಗೆ". ಗದಗ ಇದ್ದರೆ "ಗದಗದಿಂದ", "ಗದಗಕ್ಕೆ". ಬೆಂಗಳೂರು ಬಂದರೆ "ಬೆಂಗಳೂರಿನಿಂದ". ಊರ ಹೆಸರುಗಳ ಮಟ್ಟಿಗೆ ಚೆನ್ನಾಗಿ ನಡೆಯುತ್ತಿದೆ, ನನಗಂತೂ ತುಂಬಾ ಖುಷಿ.

ಬಾಕಿ ಇರೋದು ಆಡುಮಾತು. ಗುಂಪಿನಲ್ಲಿ "ಹುಬ್ಬಳ್ಳಿಂದ" ಅಂತಲೇ ಬರೆಯುವವರು ಜಾಸ್ತಿ. ಅದನ್ನು ಗ್ರಂಥದ ಕನ್ನಡಕ್ಕೆ ತಿದ್ದುವ ಬಾಟ್ ನನಗೆ ಬೇಡ, ಬರೆದವರ ಮಾತಿನ ಧಾಟಿ ಹಾಗೇ ಉಳಿಯಬೇಕು. ಅದಕ್ಕೆ ಹಳೆ ಮೆಸೇಜುಗಳಿಂದ ಇಂಥ ರೂಪಗಳನ್ನು ಆರಿಸಿ ಪಟ್ಟಿ ಮಾಡುತ್ತಿದ್ದೇನೆ. ++ ಎಣಿಸುವ ಕೆಲಸ ಆಮೇಲೆ.