ವರದಿಯಲ್ಲಿ ‘ಮುಚ್ಚಲಾಗಿದೆ’ ಎಂದು ಬರೆಯುವ ಮುನ್ನ

ಗೋಪಿ ನೈನಾರ್ ನಿರ್ದೇಶನದ ‘ಅರಂ’ ತಮಿಳು ಚಿತ್ರ 2017ರ ನವೆಂಬರ್‌ನಲ್ಲಿ ತೆರೆಕಂಡಿತು. ನಾನು ಅದನ್ನು ನೋಡಿದ್ದು ಕೋಲಾರ ಜಿಲ್ಲೆಯ ಗ್ರಾಮ ಪಂಚಾಯಿತಿಯೊಂದಕ್ಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆಗಿ ಬಂದ ಮೇಲೆ. ಕುಡಿಯುವ ನೀರಿಗೂ ತತ್ವಾರವಿರುವ ಹಳ್ಳಿಯಲ್ಲಿ ಪುಟ್ಟ ಹುಡುಗಿಯೊಬ್ಬಳು ತೆರೆದ ಕೊಳವೆ ಬಾವಿಗೆ ಬೀಳುತ್ತಾಳೆ. ರಾಕೆಟ್ ಹಾರಿಸಬಲ್ಲ ದೇಶದಲ್ಲಿ ಅವಳನ್ನು ಮೇಲೆತ್ತಲು ತಕ್ಕ ಸಲಕರಣೆ ಇರುವುದಿಲ್ಲ. ನಯನತಾರಾ ಅಭಿನಯಿಸಿದ ಜಿಲ್ಲಾಧಿಕಾರಿ ಕೊನೆಗೆ ಮಗುವಿನ ಅಣ್ಣನನ್ನೇ ಹಗ್ಗ ಕಟ್ಟಿ ಒಳಗೆ ಇಳಿಸುವ ನಿರ್ಧಾರ ಮಾಡುತ್ತಾರೆ, ಮಗು ಬದುಕುತ್ತದೆ. ಹೊರಗೆ ಹಾಗಾಗುವುದು ಅಪರೂಪ. ಅದೇ ವರ್ಷದ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಬಾಲಕಿ, 2019ರ ಅಕ್ಟೋಬರ್‌ನಲ್ಲಿ ತಿರುಚ್ಚಿರಾಪಳ್ಳಿ ಜಿಲ್ಲೆಯ ನಡುಕಾಟ್ಟುಪಟ್ಟಿಯಲ್ಲಿ ಎರಡು ವರ್ಷದ ಗಂಡು ಮಗು, ದಿನಗಟ್ಟಲೆ ಅಗೆದರೂ ಉಳಿಯಲಿಲ್ಲ.

ಚಿತ್ರದ ಬಹುಭಾಗ ರಕ್ಷಣಾ ಕಾರ್ಯದ ಸುತ್ತ ಸಾಗುತ್ತದೆ. ನನ್ನನ್ನು ಕಾಡಿದ್ದು ಮಾತ್ರ ಆ ಬಾವಿಯ ಬಾಯಿ, ಏಕೆಂದರೆ ಚಿತ್ರ ನೋಡುವುದಕ್ಕೆ ಕೆಲವೇ ವಾರಗಳ ಹಿಂದೆ ನನ್ನ ವ್ಯಾಪ್ತಿಯ ವಿಫಲ ಕೊಳವೆ ಬಾವಿಗಳ ಪಟ್ಟಿಗೆ ನಾನೇ ಸಹಿ ಹಾಕಿದ್ದೆ. ಊರಿಗೆ ನೀರು ಬಿಡುವ ನೀರುಗಂಟಿಗಳಿಗೆ ಫೋನ್ ಮಾಡಿ, ಅವರು ಹೇಳಿದಂತೆ ಪ್ರತಿಯೊಂದರ ಮುಂದೆಯೂ ‘ಮುಚ್ಚಲಾಗಿದೆ’ ಎಂದು ಬರೆದಿದ್ದೆ. ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ಅದು ನನ್ನ ತಪ್ಪು.

ಮರುದಿನ ಪಟ್ಟಿ ಹಿಡಿದು ಹೊರಟೆ. ಮೊದಲನೆಯ ಹೊಲದಲ್ಲಿ ಬಾವಿಯ ಮೇಲೆ ಗೊಬ್ಬರದ ಚೀಲ, ಅದರ ಮೇಲೆ ಜಾಲಿಮುಳ್ಳು, ಒಂದು ಚಪ್ಪಡಿ ಚೂರು. ಅದನ್ನು ಸರಿಸಿ ಸಣ್ಣ ಕಲ್ಲೊಂದನ್ನು ಬಿಟ್ಟೆ. ಗೋಡೆಗೆ ತಾಗುತ್ತಾ ಇಳಿದ ಸದ್ದು ಕ್ಷೀಣಿಸುತ್ತಾ ಹೋಯಿತೇ ಹೊರತು ತಳ ಮುಟ್ಟಿದ ಸದ್ದು ಕೇಳಿಸಲಿಲ್ಲ.

“ಒಂಬೈನೂರು ಅಡಿ ಕೊರೆಸಿದ್ದೀನಿ ಮೇಡಂ. ಒಂದು ಒಳ್ಳೆ ಮಳೆ ಬಂದ್ರೆ ಸೆಲೆ ಒಡೀಬೋದು, ಈಗ್ಲೇ ಮಣ್ಣು ಹಾಕೋಕೆ ಮನಸ್ಸು ಬರ್ತಿಲ್ಲ” ಎಂದರು ಹೊಲದ ಯಜಮಾನರು. ಅಲ್ಲಿಯವರೆಗೆ ಕ್ಯಾಪ್ ಆದರೂ ಹಾಕಿಸಬಹುದಿತ್ತಲ್ಲಣ್ಣ ಎಂದೆ. “ಕ್ಯಾಪ್ ಹಾಕೋಕೆ ಕೇಸಿಂಗ್ ಎಲ್ಲಿದೆ? ಅದನ್ನ ಕಿತ್ತು ಇನ್ನೊಂದು ಬೋರಿಗೆ ಇಳಿಸ್ದೆ.” ಮೇಲಿನ ಮಣ್ಣು ಕುಸಿಯದಂತೆ ಬಾವಿಗೆ ಇಳಿಸುವ ಪೈಪೇ ಈ ಕೇಸಿಂಗ್.

ಅಷ್ಟು ವರ್ಷ ಕಡತದಲ್ಲಿ ಓದಿದ್ದರೂ ನನಗೆ ಹೊಳೆಯದಿದ್ದ ಸಂಗತಿ ಆ ಒಂದು ಮಾತಿನಲ್ಲಿತ್ತು. ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ನಿರ್ದೇಶನಗಳ ಪ್ರಕಾರ ಕೇಸಿಂಗ್ ಪೈಪಿನ ಬಾಯಿಗೆ ಉಕ್ಕಿನ ತಟ್ಟೆಯನ್ನು ಬೆಸೆಯಬೇಕು ಇಲ್ಲವೇ ಬೋಲ್ಟ್ ಹಾಕಿ ಬಿಗಿಯಬೇಕು, ಸುತ್ತ ಕಾಂಕ್ರೀಟ್ ಕಟ್ಟೆ ಕಟ್ಟಬೇಕು, ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ತುಂಬಿಸಬೇಕು. ಆದರೆ ನೀರು ಸಿಗದ ರೈತನ ಕೈಯಲ್ಲಿ ಉಳಿಯುವ ಒಂದೇ ಬೆಲೆಬಾಳುವ ವಸ್ತು ಆ ಪೈಪು. ಅದನ್ನು ಕಿತ್ತೊಡನೆ ಮೇಲಿನ ಸಡಿಲ ಮಣ್ಣು ಉದುರಿ ಬಾಯಿ ಇನ್ನಷ್ಟು ಅಗಲವಾಗುತ್ತದೆ, ಮುಚ್ಚಳ ಕೂರಿಸಲು ಆಧಾರವೇ ಇರುವುದಿಲ್ಲ. ಸಾಲ ಮಾಡಿ ಕೊರೆಸಿದವರನ್ನು ನಿರ್ಲಕ್ಷ್ಯದವರೆಂದು ಬೈಯುವುದಕ್ಕೆ ಅಂದಿನಿಂದ ನನಗೆ ಮನಸ್ಸು ಬಂದಿಲ್ಲ.

ಹಾಗಾಗಿ ಹಳೆಯ ಬಾವಿಗಳ ಪಟ್ಟಿಯ ಜೊತೆಗೆ ಕೊಳವೆ ಬಾವಿ ಕೊರೆಯುವ ರಿಗ್ ಗಾಡಿಗಳ ಹಿಂದೆಯೂ ಬಿದ್ದೆ. ನಮ್ಮ ಕಡೆ ಬರುವ ಗಾಡಿಗಳಲ್ಲಿ ಹಲವು ತಮಿಳುನಾಡಿನ ತಿರುಚೆಂಗೋಡಿನವು, ಅವನ್ನು ಕರೆಸುವವರು ಪೇಟೆಯ ಏಜೆಂಟರು. ಕೊರೆಯುವ 15 ದಿನ ಮೊದಲೇ ಲಿಖಿತ ಮಾಹಿತಿ ಕೊಡಬೇಕೆಂಬ ನಿಯಮವಿದ್ದರೂ ಯಾರೂ ಕೊಡುತ್ತಿರಲಿಲ್ಲ. ಗಾಡಿ ಊರಿಗೆ ಬಂದ ದಿನ ನೀರುಗಂಟಿಗೆ ಒಂದು ಫೋನ್ ಮಾಡಿ ಎಂದು ಏಜೆಂಟರನ್ನು ಒಪ್ಪಿಸಿದೆ. ಬೋರ್ ಫೇಲಾದರೆ ಕೇಸಿಂಗ್ ಕೀಳುವ ದಿನವೇ ಮಣ್ಣಿನ ಟ್ರ್ಯಾಕ್ಟರ್ ಹೊಲದಲ್ಲಿರಬೇಕು, ಇದೊಂದೇ ನಾವು ಹಾಕಿಕೊಂಡ ಷರತ್ತು.

ಆರೂವರೆ ಇಂಚಿನ 900 ಅಡಿ ಬಾವಿಗೆ ಬೇಕಾಗುವುದು ಹೆಚ್ಚುಕಡಿಮೆ ಎರಡು ಟ್ರ್ಯಾಕ್ಟರ್ ಲೋಡು ಮಾತ್ರ. ಆದರೆ ಅವಸರದಲ್ಲಿ ಸುರಿದರೆ ಮಣ್ಣು ನಡುವೆಯೇ ಕಚ್ಚಿಕೊಂಡು, ಮೇಲೆ ತುಂಬಿದಂತೆ ಕಂಡು, ಕೆಳಗೆ ಟೊಳ್ಳು ಉಳಿಯುತ್ತದೆ. ಆ ಯಜಮಾನರ ಹೊಲದಲ್ಲಿ ಜಲ್ಲಿ ಬೆರೆಸಿ ನಿಧಾನವಾಗಿ ತುಂಬಿಸಿದ್ದೆವು; ಆದರೂ ಮೊದಲ ಮಳೆಯ ಮರುದಿನ ಹೋಗಿ ನೋಡಿದಾಗ ಮೊಣಕೈ ಮುಳುಗುವಷ್ಟು ಕುಸಿದಿತ್ತು. ಅವರೇ ಬಾಂಡ್ಲಿಯಲ್ಲಿ ಮಣ್ಣು ಹೊತ್ತು ತಂದು ಸುರಿದರು, ನೀರುಗಂಟಿ ಹಾರೆಯಿಂದ ಕುಟ್ಟಿ ಗಟ್ಟಿ ಮಾಡಿದರು. ಪಟ್ಟಿಯಲ್ಲಿ ಆ ಸಾಲಿನ ಮುಂದೆ ಅಂದಿನ ತಾರೀಖನ್ನು ಹಾಕಿದೆ.